ಕಾರಿನ ಮೂತಿ ಕೊಯ್ಸಿದ್ದು

ಹೋದ ವರ್ಷ ಏಳು ತಿಂಗಳು ನನ್ನ ಕಾರಿನ ಎಡಗಡೆ ಸೀಟಿನಲ್ಲಿ ಕೊಡೆಯೊಂದು ಕೂತಿತ್ತು. ಬ್ರೇಕ್ ಹಾಕಿದಾಗ ಮುಂದಕ್ಕೆ ಜಾರುವುದು ಬಿಟ್ಟರೆ ಅದರಿಂದ ಬೇರೆ ತೊಂದರೆ ಇರಲಿಲ್ಲ. ಮಾತೂ ಇರಲಿಲ್ಲ.

ಆ ಸೀಟು ಶಿವಣ್ಣನದು. ಮೂಡಿಗೆರೆಯಲ್ಲಿ ಅವನಿಗೆ ಕಾಳುಮೆಣಸಿನ ವ್ಯಾಪಾರ. ಗುರುವಾರ ಗುರುವಾರ ಕಳಸಕ್ಕೆ ಹೋಗುವುದು ಅವನ ಕೆಲಸ, ಕರೆದುಕೊಂಡು ಹೋಗುವುದು ನನ್ನ ಚಟ. ಎಸ್ಟೇಟಿನಲ್ಲಿ ರೈಟರ್ ಆಗಿ ಮೂವತ್ತು ವರ್ಷ ಆಳುಗಳ ಹಾಜರಿ ಬರೆದು ನಿವೃತ್ತನಾದ ಒಂಟಿ ಗಂಡಸಿಗೆ, ವಾರಕ್ಕೊಮ್ಮೆ ಯಾರಾದರೂ ಪಕ್ಕದಲ್ಲಿ ಕೂತು ಬೈಯುತ್ತಿರುವುದು ಸಣ್ಣ ಸಂಗತಿಯಲ್ಲ. ಆ ಸೀಟನ್ನು ಅವನ ಉದ್ದನೆಯ ಕಾಲಿಗೆ ತಕ್ಕಂತೆ ಹಿಂದಕ್ಕೆ ಸರಿಸಿದ್ದೆ, ಕೊಡೆಗೆಂದು ನಾನು ಮುಂದಕ್ಕೆ ತರಲಿಲ್ಲ.

ಹಾಜರಿ ಬರೆದ ಕೈ. ಹಾಗಾಗಿ ಅವನು ಆ ಸೀಟು ಬಿಟ್ಟ ದಿನ ನಡೆದದ್ದನ್ನೂ ಹಾಗೆಯೇ ಬರೆಯುತ್ತೇನೆ. ಕೊಟ್ಟಿಗೆಹಾರ ದಾಟಿದ ಮೇಲೆ ಒಂದು ಏರು. ಮುಂದೆ ಬಸ್ಸು. ಅದರಾಚೆ ತಿರುವು. ನಾನು ಬಸ್ಸನ್ನು ಹಿಂದೆ ಹಾಕಲು ಹೊರಟೆ. ಅರ್ಧ ದಾಟುವಷ್ಟರಲ್ಲಿ ಕಾರಿಗೆ ಏದುಸಿರು ಬಂತು, ತಿರುವಿನಿಂದ ಜೀಪು ಬಂತು. ಜೀಪಿನವನು ಎರಡು ಚಕ್ರ ಚರಂಡಿಗಿಳಿಸಿ ನಮ್ಮನ್ನು ಉಳಿಸಿದ. ಮುರಿದದ್ದು ನಮ್ಮ ಬಲಗಡೆಯ ಕನ್ನಡಿ ಮಾತ್ರ.

ಶಿವಣ್ಣ ಜಗತ್ತಿನ ಎಲ್ಲದಕ್ಕೂ ಏನಾದರೊಂದು ಅನ್ನುವವನು. ಆ ದಿನ ಕಳಸದಲ್ಲಿ ಇಳಿದು, "ವಾಪಸ್ ಬಸ್ಸಿಗೆ ಬರ್ತೀನಿ" ಎಂದನಷ್ಟೆ.

"ಎಳೆತ ಇಲ್ಲ ಮಾರಾಯ ಈ ಕಾರಿಗೆ" ಎಂದೆ ನಾನು.

ಅವನು ನನ್ನ ಮುಖವನ್ನೊಮ್ಮೆ ನೋಡಿ ಹೋದ. ಮುಂದಿನ ಗುರುವಾರವೂ ಬಸ್ಸಿಗೇ ಹೋದ. ಅದರ ಮುಂದಿನ ಗುರುವಾರವೂ.

ಎಳೆತ ಬಂದರೆ ಶಿವಣ್ಣನೂ ಬಂದಾನು ಎಂದುಕೊಂಡು ನಾನು ಮೆಕ್ಯಾನಿಕ್ ಇಮ್ತಿಯಾಜನ ಹತ್ತಿರ ಹೋದೆ. "ಟರ್ಬೊ ಇದೆ, ಇಂಟರ್‌ಕೂಲರ್ ಇಲ್ಲ. ಹಾಕೋಣ ಸಾರ್" ಎಂದ. ಟರ್ಬೊ ಗಾಳಿಯನ್ನು ಹಿಂಡಿ ಎಂಜಿನ್ನಿಗೆ ತುರುಕುತ್ತದೆ. ಹಿಂಡಿದ ಗಾಳಿ ಕಾಯುತ್ತದೆ. ಕಾದ ಗಾಳಿ ತೆಳುವಾಗಿ ಎಂಜಿನ್ನಿಗೆ ಹೊಟ್ಟೆ ತುಂಬುವುದಿಲ್ಲ. ನಡುವೆ ಅದನ್ನು ತಣಿಸುವುದೇ ಇಂಟರ್‌ಕೂಲರ್. ಕಾಫಿ ಕಣ ನೋಡಿದವರಿಗೆ ಇದು ಹೊಸತಲ್ಲ. ಹಸಿ ಪಾರ್ಚ್‌ಮೆಂಟನ್ನು, ಅಂದರೆ ಸಿಪ್ಪೆ ಸುಲಿದು ತೊಳೆದ ಕಾಫಿ ಬೀಜವನ್ನು, ರಾಶಿ ಹಾಕಿ ಬಿಟ್ಟರೆ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ. ತೆಳ್ಳಗೆ ಹರಡಿ ಗಾಳಿ ಕೊಡಬೇಕು. ಒಳಗೇ ರಾಶಿ ಬಿದ್ದದ್ದೆಲ್ಲ ಕಾಯುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು, ಕಾಫಿಯ ವಿಷಯದಲ್ಲಿ.

ಇಮ್ತಿಯಾಜ್ ಹಾರ್ನನ್ನು ಪಕ್ಕಕ್ಕೆ ಸರಿಸಿದ, ನಂಬರ್ ಪ್ಲೇಟನ್ನು ಮೇಲೇರಿಸಿದ, ಬಂಪರಿನ ಕೆಳಭಾಗ ಕೊಯ್ದು ಗಾಳಿ ನುಗ್ಗಲು ಬಾಯಿ ತೆರೆದ. ಬಂಪರಿನ ಹಿಂದಿರುವ ಕಬ್ಬಿಣದ ಪಟ್ಟಿಯನ್ನೂ ಕೊಯ್ದಿದ್ದರೆ ಜಾಗ ಸಲೀಸಾಗುತ್ತಿತ್ತು. "ಅದೊಂದು ಆಗಲ್ಲ ಸಾರ್. ಯಾವ್ದಾದ್ರೂ ಬಂದು ಗುದ್ದಿದ್ರೆ ಮೊದ್ಲು ತಡ್ಯೋದು ಅದೇ" ಎಂದು ಇಂಟರ್‌ಕೂಲರನ್ನು ಪಟ್ಟಿಯ ಕೆಳಗೆ ಹೇಗೋ ಕೂರಿಸಿದ. ಕಾರು ಹಲ್ಲು ಕೀಳಿಸಿಕೊಂಡು ಬಂದವರ ಹಾಗೆ ಕಂಡಿತು.

ಆ ತೆರೆದ ಬಾಯಿ ನೋಡಿ ನನಗೆ ಕಸಿವಿಸಿ. ಕಲ್ಲು ಸಿಡಿದರೆ? ಮನೆಯಲ್ಲಿದ್ದ ಹಳೆಯ ಮೆಣಸಿನ ಜರಡಿಯ ಬಲೆ ಕತ್ತರಿಸಿ ಅಡ್ಡ ಕಟ್ಟಿದೆ. ಮೊದಲ ಮಳೆಯ ಸಂಜೆ ಎದ್ದ ರೆಕ್ಕೆಹುಳುಗಳು, ಲಾರಿಗಳು ಎರಚಿದ ಕೆಸರು ಸೇರಿ ಬಲೆ ಗೋಡೆಯಾಯಿತು. ಕಾರಿಗೆ ಮೊದಲಿಗಿಂತ ಹೆಚ್ಚು ಏದುಸಿರು.

ಇಮ್ತಿಯಾಜ್ ಬಗ್ಗಿ ನೋಡಿ ನಕ್ಕ. "ಮೂತಿ ಕೊಯ್ಸಿದ್ದೂ ನೀವೇ, ಮುಚ್ಚಿದ್ದೂ ನೀವೇ! ಮೂಗಿಗೆ ಬಟ್ಟೆ ಕಟ್ಕೊಂಡು ಗುಡ್ಡ ಹತ್ತಿ ನೋಡಿ ಸಾರ್."

ಜರಡಿ ಕಿತ್ತ ಮೇಲೆ ಎಳೆತ ನಿಜಕ್ಕೂ ಬಂತು. ನಾನೂ ಕೊಡೆಯೂ ಅದೇ ಏರಿಗೆ ಹೋದೆವು. ಮುಂದೆ ಬಸ್ಸೂ ಇತ್ತು. ಕಾಲು ಒತ್ತಿದರೆ ಸಾಕು, ದಾಟಿಬಿಡಬಹುದಿತ್ತು. ಒತ್ತಲಿಲ್ಲ. ತಿರುವಿನಾಚೆ ಏನಿದೆಯೆಂದು ಕಾಣುತ್ತಿರಲಿಲ್ಲ. ಆ ದಿನವೂ ಕಂಡಿರಲಿಲ್ಲ. ಎಷ್ಟೇ ಎಳೆತವಿದ್ದರೂ ಅಲ್ಲಿ ನುಗ್ಗಬಾರದಿತ್ತು. ಇದು ನನಗೆ ಜೀಪಿನವನ ಮುಖ ಕಂಡ ಕ್ಷಣವೇ ಗೊತ್ತಾಗಿತ್ತು. ಏಳು ತಿಂಗಳು ಅದನ್ನು ಕಾರಿನ ಮೇಲೆ ಹೊರಿಸಿ ಕೂತಿದ್ದೆ.

ಮರುದಿನ ಶಿವಣ್ಣನ ಅಂಗಡಿಗೆ ಹೋಗಿ ನಿಂತೇ ಹೇಳಿದೆ: "ತಪ್ಪು ಕಾರಿಂದಲ್ಲ ಶಿವಣ್ಣ, ನಂದು. ತಿರುವು ಕಾಣ್ದೆ ನುಗ್ಗಿದೆ."

ಅವನು ಹೊರಗೆ ಬಂದು, ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಇಂಟರ್‌ಕೂಲರನ್ನು ಬಹಳ ಹೊತ್ತು ನೋಡಿದ.

"ಇಷ್ಟು ಹೇಳೋಕೆ ಕಾರಿನ ಮೂತಿ ಕೊಯ್ಸಬೇಕಿತ್ತಾ ಮಾರಾಯ?"

ಗುರುವಾರ ಬಂದ. ಕೊಡೆಯನ್ನು ಹಿಂದಿನ ಸೀಟಿಗೆ ಎಸೆದು ಕೂತು, ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಏರಿನಲ್ಲಿ ಬಸ್ಸು ಸಿಕ್ಕಿತು. ಅದರ ಹೊಗೆ ಕುಡಿಯುತ್ತ ಕಳಸದವರೆಗೂ ಹಿಂದೆ ಹಿಂದೆಯೇ ಹೋದೆವು. ಶಿವಣ್ಣ ಬಸ್ಸನ್ನು ಬೈದ, ರಸ್ತೆಯನ್ನು ಬೈದ, ನನ್ನನ್ನು ಬೈದ. ನಡುವೆ ಎಲ್ಲೋ ಹಿಡಿಯಿಂದ ಒಂದು ಕೈ ತೆಗೆದ. ಇಂಟರ್‌ಕೂಲರಿಗೆ ಮಾತ್ರ ಆ ದಿನ ಕೆಲಸವೇ ಇರಲಿಲ್ಲ.