ಬಾದಾಮಿ ಗುಡ್ಡದ ಎದುರು ಅಕ್ಕ

ರಬಕವಿಯಲ್ಲಿ ನನ್ನ ಕೆಲಸ ಸೀರೆಗಳ ಫೋಟೋ ತೆಗೆಯುವುದು. ವ್ಯಾಪಾರಿಗಳು ಅವನ್ನು ಮೊಬೈಲಿನಲ್ಲಿ ಗಿರಾಕಿಗಳಿಗೆ ಕಳಿಸುತ್ತಾರೆ. ಬಣ್ಣ ಒಂಚೂರು ಆಚೀಚೆಯಾದರೂ ನನಗೆ ತಲೆ ಕೆಡುತ್ತದೆ. ಮನೆಯವರು ಇದಕ್ಕೆ ಹುಚ್ಚು ಅನ್ನುತ್ತಾರೆ. ಆ ಸೀರೆಗಳಲ್ಲಿ ಕೆಲವು ನನ್ನ ಅಕ್ಕ ನೇಯ್ದವು. ಗಂಡ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದವಳಿಗೆ ಪಡಸಾಲೆಯ ಕೈಮಗ್ಗವೇ ಎಲ್ಲ. ಅದನ್ನು ಕಿತ್ತು ಪವರ್‌ಲೂಮ್ ಹಾಕಲು ಅಣ್ಣ ಕಾಯುತ್ತಿದ್ದಾನೆ. "ಆಕಿ ಕೈಲೆ ಆಗೂತನಾ ನೇಯಲಿ" ಎಂದು ಅವ್ವ ತಡೆದಿದ್ದಾಳೆ.

ಹೋದ ಚಳಿಗಾಲದಲ್ಲಿ ಅಕ್ಕ ಬಾದಾಮಿ ನೋಡಬೇಕು ಎಂದಳು. ಯಾವತ್ತೂ ಏನೂ ಕೇಳಿದವಳಲ್ಲ. ಮುಂಜಾನೆಯೇ ಹೊರಡೋಣ ಎಂದು ಹಟ ಬೇರೆ. ಆದರೆ ಹೊರಡುವಾಗಲೇ ವ್ಯಾಪಾರಿಯೊಬ್ಬ ಸೀರೆಗಂಟು ತಂದಿಳಿಸಿದ, ಅವುಗಳ ಫೋಟೋ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ದಾರಿಯಲ್ಲಿ ಲೋಕಾಪುರದ ಬಳಿ ಬಸ್ಸೂ ಕೆಟ್ಟಿತು. ಬಾದಾಮಿ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ನನಗೆ ಒಳಗೊಳಗೇ ಖುಷಿ, ಫೋಟೋಕ್ಕೆ ಅದಕ್ಕಿಂತ ಒಳ್ಳೆಯ ಬೆಳಕಿಲ್ಲ. ಅಕ್ಕ ಮಾತ್ರ ನನ್ನ ತೋಳು ಹಿಡಿದುಕೊಂಡೇ ನಡೆದಳು. ದಣಿದಿದ್ದಾಳೆ ಅಂದುಕೊಂಡೆ.

ಕೆರೆಯ ಬಳಿ ಒಂದು ಕಟ್ಟೆ ಸಿಕ್ಕಿತು. ಅವಳು ಅಲ್ಲಿ ಕೂತಳು, ನಾನು ಜಾಗ ಹುಡುಕುತ್ತ ಮುಂದೆ ಹೋದೆ. ಕೆಂಪು ಕಲ್ಲಿನ ಗುಡ್ಡ, ಅದರ ಮೈಯಲ್ಲಿ ಕೊರೆದ ಗುಡಿಗಳು, ಬುಡದಲ್ಲಿ ಒತ್ತೊತ್ತಾಗಿ ಹಳೆಯ ಮನೆಗಳು.

"ಅಕ್ಕಾ, ಗುಡ್ಡ ನೋಡ, ಕೆಂಡ ಆಗೇತಿ!" ಎಂದು ಕೂಗಿದೆ.

"ಹೌದಲ್ಲೋ ತಮ್ಮಾ, ಕೆಂಡ ಆಗೇತಿ. ಭಾಳ ಛಲೋ ಐತಿ."

ಅವಳದೂ ಒಂದು ಇರಲಿ ಎಂದು ಕ್ಯಾಮೆರಾ ತಿರುಗಿಸಿದೆ. ಅಕ್ಕ ಗುಡ್ಡಕ್ಕೆ ಬೆನ್ನು ಹಾಕಿ ಕೂತಿದ್ದಳು. ಅವಳೆದುರಿಗಿದ್ದದ್ದು ಬರಿ ಕಂಪೌಂಡ್ ಗೋಡೆ.

ಹತ್ತಿರ ಹೋಗಿ, "ಯಾವ ಕಡೆ ನೋಡಾಕತ್ತಿಯಕ್ಕಾ?" ಎಂದೆ.

ಅಕ್ಕ ನನ್ನ ದನಿಯತ್ತ ಹೊರಳಿದಳು. "ಹೊತ್ತ ಮುಣಗಿದ್ರ ನನಗೇನೂ ಕಾಣಂಗಿಲ್ಲೋ. ಹಗಲಿನ್ಯಾಗ ಅಷ್ಟಷ್ಟ ಕಾಣ್ತೈತಿ, ಅದೂ ಕಮ್ಮಿ ಆಗಾಕತ್ತೈತಿ. ಇದಕ್ಕ ಔಷಧ ಇಲ್ಲಂತ ಡಾಕ್ಟರ್ ಅಂದಾರ. ಇದ್ದಾಗ ಒಮ್ಮಿ ನೋಡೂಣು ಅಂತ ಬಂದ್ನಿ." ನನ್ನ ಕೈ ಹುಡುಕಿ ಹಿಡಿದಳು. "ಅಣ್ಣಗ ಹೇಳಬ್ಯಾಡ. ಮಗ್ಗ ಕೀಳ್ತಾನ."

"ಇಲ್ಲೇ ಉಳ್ಕೊಂಡು ಮುಂಜಾನೆ ನೋಡೂಣು."

"ಗುರ್ತಿಲ್ಲದ ಖೋಲ್ಯಾಗ ರಾತ್ರಿ ಹೆಂಗ ತಿರಗಾಡ್ಲಿ? ಮನ್ಯಾಗಾದ್ರ ಗ್ವಾಡಿ ಎಲ್ಲ ಕೈಗೆ ಗೊತ್ತದಾವು." ಆಮೇಲೆ ಮೆಲ್ಲಗೆ, "ಗುಡ್ಡ ಎತ್ಲಾಗೈತಿ? ತಿರಗಿಸಿ ಕೂಡಸು. ನೋಡಾಕತ್ತಂಗ ಒಂದು ಫೋಟೋ ತಗಿ" ಎಂದಳು.

ಅವಳ ಎರಡೂ ಭುಜ ಹಿಡಿದು ಗುಡ್ಡದತ್ತ ತಿರುಗಿಸಿದೆ. ಸೆರಗು ಸರಿಮಾಡಿಕೊಂಡು ಮುಖ ಎತ್ತಿದಳು. ನನಗೆ ತಡೆಯಲಾರದಷ್ಟು ಸಂಕಟವಾಯಿತು. ಆದರೂ ಫೋಟೋ ತೆಗೆದೆ.

ಮರುದಿನ ಪಡಸಾಲೆಯಲ್ಲಿ ಅಣ್ಣ ಆ ಫೋಟೋವನ್ನು ಕ್ಯಾಮೆರಾದಲ್ಲೇ ದೊಡ್ಡದು ಮಾಡಿ ನೋಡಿ ನಕ್ಕ. "ರೆಪ್ಪಿ ಬಡೀದ ಹೆಂಗ ನೋಡಾಕತ್ತಾಳ ನೋಡ! ಇಂಥಾ ಕಣ್ಣ ಇದ್ದಾಕಿ ಮಗ್ಗ ಬಿಡ್ತಾಳೇನ?"

ಮಗ್ಗದಲ್ಲಿ ಕೂತಿದ್ದ ಅಕ್ಕ ತಲೆ ಎತ್ತಲಿಲ್ಲ. ಫೋಟೋದಲ್ಲಿ ಅವಳ ಕಣ್ಣುಗಳು ಗುಡ್ಡದ ಮೇಲಿರಲಿಲ್ಲ. ಅದಕ್ಕಿಂತ ಮೇಲೆ, ಏನೂ ಇಲ್ಲದ ಕಡೆ ನೆಟ್ಟಿದ್ದವು. ನಾನು ಹೂಂ ಎಂದು ಕ್ಯಾಮೆರಾ ಇಸಿದುಕೊಂಡೆ.