ಚಕ್ರಕ್ಕೆ ಬಿದ್ದ ಏಟು

ಕೊಳ್ಳೇಗಾಲದ ಕಾಲೇಜಿನಲ್ಲಿ ನಮ್ಮ ಗಣಿತದ ಮೇಷ್ಟ್ರು ಡೆಲ್ಟಾ ಫಂಕ್ಷನ್ ಬಂದಾಗಲೆಲ್ಲ ಸೀಮೆಸುಣ್ಣದಿಂದ ಹಲಗೆಯನ್ನು ಒಮ್ಮೆ ಕುಟ್ಟುತ್ತಿದ್ದರು. "ಇದು ಕ್ಷಣದ ಏಟು. ಟ್ರಾನ್ಸ್‌ಫಾರಂ ಮಾಡಿ ಸ್ವರಸ್ವರವಾಗಿ ಬಿಡಿಸಿದರೆ ಅದರೊಳಗೆ ಎಲ್ಲಾ ಸ್ವರವೂ ಸಮಸಮ ಇರುತ್ತವೆ," ಎನ್ನುತ್ತಿದ್ದರು. ನಮಗೆ ನಂಬಿಕೆ ಬರುತ್ತಿರಲಿಲ್ಲ.

ಒಮ್ಮೆ ಅವರೊಡನೆ ಬಸ್ಸಿನಲ್ಲಿ ಬೆಟ್ಟಕ್ಕೆ ಹೊರಟಿದ್ದಾಗ, ಹನೂರಿನಲ್ಲಿ ಮೆಕ್ಯಾನಿಕ್ ಒಬ್ಬ ನಮ್ಮ ಬಸ್ಸಿನ ಚಕ್ರಕ್ಕೆ ಸುತ್ತಿಗೆಯಿಂದ ಒಂದೇಟು ಕೊಟ್ಟು ಕಿವಿಗೊಟ್ಟ.

"ಒಳಗೆ ಬಿರುಕು ಬಿಟ್ಟದೆ. ಘಾಟಿಗೆ ಓಗದು ಬ್ಯಾಡ."

ಪ್ರಯಾಣಿಕರು ಜಗಳಕ್ಕೆ ನಿಂತರು. ಮೇಷ್ಟ್ರು ಮಾತ್ರ ಪಂಚೆ ಎತ್ತಿಕಟ್ಟಿ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತರು.

"ಒಂದೇ ಏಟ್ಗೆ ಎಂಗಯ್ಯಾ ಗೊತ್ತಾಯ್ತು?"

"ಏಟ್ಗೆ ಎಲ್ಲಾ ಸದ್ದೂ ಏಳ್ತವೆ ಸಾ. ಬಿರುಕು ಯಾವ್ದ ನುಂಗ್ತು ಅಂತ ಕೇಳ್ಕಬೇಕು, ಅಷ್ಟೆಯಾ."

"ಇನ್ನೊಂದ್ಸಲ ಒಡಿ," ಎಂದು ಮೇಷ್ಟ್ರು ಚಕ್ರಕ್ಕೇ ಕಿವಿ ಹಚ್ಚಿದರು.

"ನಿಮ್ಗೂ ಇದು ಗೊತ್ತಾ ಸಾ?"

"ಇಪ್ಪತ್ತು ವರ್ಷದಿಂದ ಪಾಠ ಮಾಡ್ತಾವ್ನಿ ಕಣಯ್ಯಾ. ಕೇಳಿದ್ದು ಇವತ್ತೇ."