ಕಿವಿಯಿಲ್ಲದ ಇಂದುಮತಿ

ರಾಚಯ್ಯ ಬಾಗಲಕೋಟೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ವಿಭಾಗದ ಜವಾನ. ಹುಡುಗರು ಕೊಯ್ದು ಕಲಿಯಲು ಬೇಕಾದ ಎರೆಹುಳುಗಳನ್ನು ಘಟಪ್ರಭೆಯ ದಂಡೆಯ ತೋಟಗಳಿಂದ ಅಗೆದು ತರುತ್ತಿದ್ದ. ಎರೆಹುಳುವಿಗೆ ಕಣ್ಣಿಲ್ಲ, ಕಿವಿಯಿಲ್ಲ, ಹೃದಯ ಮಾತ್ರ ಹಲವು ಎಂದು ನಾಡಗೌಡ ಸರ್ ಪಾಠ ಹೇಳುವುದನ್ನು ಅವನು ವರ್ಷವರ್ಷವೂ ಕೇಳಿದ್ದ.

೧೯೭೮ರಲ್ಲಿ ಅವನು ತಂದ ಹುಳುವಿನ ಮೈಮೇಲಿನ ದಪ್ಪ ಪಟ್ಟಿ, ಪುಸ್ತಕ ಹೇಳುವ ಜಾಗಕ್ಕಿಂತ ಹಿಂದೆ ಇತ್ತು. ಯಾರೋ ಬಿಳಿಯ ಪಂಡಿತ ಹಿಂದೆ ಇದನ್ನು ಬೇರೆ ಜಾತಿಯೊಳಗೆ ಸೇರಿಸಿ ಕೈತೊಳೆದುಕೊಂಡಿದ್ದ. ನಾಡಗೌಡ ಸರ್ ಆ ತಪ್ಪು ಹಿಡಿದರು. "ಹೊಸಾ ಹೆಸರು ಇಡಬೇಕು ರಾಚಯ್ಯ. ಹುಳಾ ತಂದಾಂವ ನೀನು, ಹೆಸರೂ ನೀನ ಹೇಳು" ಎಂದರು.

ಅವನ ಬಳಿ ಬಳಸದೆ ಉಳಿದ ಹೆಸರೊಂದಿತ್ತು. ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಕಿವಿಯಲ್ಲಿ ಹೆಸರು ಉಸುರಬೇಕು. ಆ ದಿನ ಬರುವ ಮೊದಲೇ ಅವನ ಮಗಳು ಮಣ್ಣು ಸೇರಿದ್ದಳು.

"ಇಂದುಮತಿ ಅಂತ ಇಡ್ರಿ" ಎಂದ. ಮಣ್ಣಿನಲ್ಲಿರುವವಳಿಗೆ ಅಲ್ಲಿಯೇ ಹೆಸರು ಮುಟ್ಟಲಿ ಎಂದುಕೊಂಡ.

ಹೆಸರು ಲ್ಯಾಟಿನ್ ಬಾಲ ಹಚ್ಚಿಕೊಂಡು ವಿಜ್ಞಾನದ ಪತ್ರಿಕೆಯಲ್ಲಿ ಅಚ್ಚಾಯಿತು; ತರಗತಿಯ ಬಾಯಲ್ಲಿ ಮಾತ್ರ ಆ ಹುಳು ಬರೀ ಇಂದುಮತಿ. ಅಂದಿನಿಂದ ಗುದ್ದಲಿ ಹಾಕಿದಾಗಲೆಲ್ಲ ಒಳಗಿನಿಂದ ಯಾರೋ ಓಗೊಟ್ಟಂತಾಗುತ್ತಿತ್ತು. ಆದರೂ ಹುಳು ತರಬೇಕು, ಕ್ಲೋರೋಫಾರ್ಮಿಗೆ ಅವನೇ ಹಾಕಬೇಕು. ಹುಡುಗರು ಅದರ ಬೆನ್ನು ಸೀಳಿ ಮೇಣದ ಟ್ರೇಗೆ ಪಿನ್ನು ಚುಚ್ಚುವಾಗ ಅವನು ಕಿಟಕಿಯ ಕಡೆ ತಿರುಗಿ ನಿಲ್ಲುತ್ತಿದ್ದ.

ಒಂದು ಮಧ್ಯಾಹ್ನ ಹಿಂದಿನ ಮೇಜಿನ ಹುಡುಗಿ ಮೆಲ್ಲಗೆ ಹೇಳಿದಳು: "ಸರ, ಇಂದುಮತಿ ಸತ್ತಿಲ್ರಿ. ಎದಿ ಇನ್ನೂ ಬಡಕೊಳ್ಳಾಕತ್ತೈತಿ."

ನಾಡಗೌಡ ಸರ್ ಎದ್ದು ಬರುವಷ್ಟರಲ್ಲಿ ರಾಚಯ್ಯ ಟ್ರೇಯ ಮೇಲೆ ಬಗ್ಗಿದ್ದ. ತುಟಿ ಅಲುಗುತ್ತಿತ್ತು. ಕಿವಿ ಎಲ್ಲಿದೆಯೆಂದು ಬೆರಳಿನಿಂದ ತಡವುತ್ತಿದ್ದ.